ಒಂದು ಹೆಜ್ಜೆ ಮುಂದೆ

ಕಿರುಬೆರಳು ಎತ್ತಿ ‘ಸಾರ್, ಒಂದಕ್ಕೆ’ ಎಂದು ಓಡುವ ಹುಡುಗನಿಗೆ ಹಲವು ಶಾಲೆಗಳಲ್ಲಿ ಎದುರಾಗುವುದು ಒಂದು ಗಾರೆ ಗೋಡೆ, ಅದರ ಬುಡದಲ್ಲಿ ಚರಂಡಿ, ಮುಂದೆ ಸದಾ ಒದ್ದೆಯಾದ ನೆಲ. ಚಪ್ಪಲಿ ನೆನೆದೀತೆಂದು ಅವನು ಎರಡಡಿ ಹಿಂದೆಯೇ ನಿಲ್ಲುತ್ತಾನೆ. ಧಾರೆ ಗೋಡೆಯನ್ನು ತಲುಪದೆ ನೆಲಕ್ಕೆ ಬಿದ್ದು ಕಾಲಿಗೆ ಸಿಡಿಯುತ್ತದೆ. ನಂತರ ಬಂದವನು ಇನ್ನೂ ಅರ್ಧ ಅಡಿ ಹಿಂದೆ. ಗಂಟೆ ಹೊಡೆಯುವ ಹೊತ್ತಿಗೆ ಒದ್ದೆ ಬಾಗಿಲಿಗೇ ಬಂದಿರುತ್ತದೆ. ಇದಕ್ಕೆ ಹೇಸಿ ಬೆಳಗಿನಿಂದ ನೀರೇ ಕುಡಿಯದೆ, ಸಂಜೆಯವರೆಗೆ ತಡೆದುಕೊಂಡು, ಚೀಲ ಎಸೆದು ಬಚ್ಚಲಿಗೆ ಓಡುವ ಮಕ್ಕಳಿದ್ದಾರೆ. ತಾಯಂದಿರು ಇದನ್ನು ಬಲ್ಲರು.

ದೂರ ನಿಂತರೆ ಸಿಡಿತ ತಪ್ಪುತ್ತದೆ ಎಂಬ ಲೆಕ್ಕವೇ ಇಲ್ಲಿ ತಪ್ಪು. ಮನೆಯ ನಲ್ಲಿಯನ್ನು ಸಣ್ಣಗೆ ಬಿಟ್ಟು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. (ಕೆಳಗೆ ಬಕೆಟ್ ಇರಲಿ, ನೀರು ಉಳಿಸುವ ಪಾಠಕ್ಕಾಗಿ ನೀರು ಚೆಲ್ಲುವುದು ಬೇಡ.) ನಲ್ಲಿಯ ಬಾಯಿಯ ಹತ್ತಿರ ಧಾರೆ ಗಾಜಿನ ಕಡ್ಡಿಯಂತೆ ನುಣುಪಾಗಿರುತ್ತದೆ. ಕೆಳಗಿಳಿದಂತೆ ಅದು ಅಲ್ಲಲ್ಲಿ ಉಬ್ಬಿ, ಸೊರಗಿ, ಕೊನೆಗೆ ಹನಿಹನಿಯಾಗಿ ಒಡೆಯುತ್ತದೆ. ನೀರಿನ ಮೇಲ್ಮೈ ಎಳೆತವೇ ಇದಕ್ಕೆ ಕಾರಣ. ಬೆಲ್ಜಿಯಂನ ಜೋಸೆಫ್ ಪ್ಲಾಟೊ 1873ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದ. ಅಷ್ಟರಲ್ಲಿ ಅವನು ಕಣ್ಣು ಕಳೆದುಕೊಂಡು ಬಹಳ ವರ್ಷಗಳಾಗಿದ್ದವು ಎಂಬುದು ಸೋಜಿಗ. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ಅದಕ್ಕೆ ಗಣಿತ ಒದಗಿಸಿದ.

ಈಗ ಒಂದು ಸ್ಟೀಲ್ ತಟ್ಟೆಯನ್ನು ನಲ್ಲಿಯ ಬಾಯಿಗೆ ಹತ್ತಿರ ಹಿಡಿದರೆ ನೀರು ಸದ್ದಿಲ್ಲದೆ ಹರಡುತ್ತದೆ. ಹನಿ ಒಡೆದ ಕಡೆಗೆ ಇಳಿಸಿದರೆ ಟಪಟಪ ಸಿಡಿಯುತ್ತದೆ. ಅಲ್ಲಿಯೇ ತಟ್ಟೆಯನ್ನು ಚೆನ್ನಾಗಿ ಓರೆ ಮಾಡಿದರೆ ಸಿಡಿತ ತಗ್ಗುತ್ತದೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ನೋಡಿದಾಗ, ಮೂತ್ರದ ಧಾರೆ ಆರೇಳು ಅಂಗುಲ ಹೋಗುವಷ್ಟರಲ್ಲೇ ಹನಿಗಳಾಗುತ್ತದೆ ಎಂದು ಕಂಡಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ತಂಡ 2025ರಲ್ಲಿ ಕೋನವನ್ನೂ ಹೇಳಿತು: ಧಾರೆಗೂ ಗೋಡೆಗೂ ನಡುವೆ 30 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿಡಿತ ಬಹುಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ಹತ್ತಿರ ನಿಲ್ಲಬೇಕು, ಗೋಡೆಗೆ ನೇರವಾಗಿ ಅಲ್ಲ, ಜಾರಿ ಇಳಿಯುವಂತೆ ಓರೆಯಾಗಿ ಬಿಡಬೇಕು. ಪಿಂಗಾಣಿ ಬಟ್ಟಲಾದರೆ ಅದರ ಪಕ್ಕದ ಗೋಡೆಗೆ. ತಳದಲ್ಲಿ ನಿಂತ ನೀರಿಗಂತೂ ಬೇಡ. ಹುಡುಗಿಯರ ಕಷ್ಟ ಬೇರೆಯೇ. ಅಲ್ಲಿ ಭೌತವಿಜ್ಞಾನಕ್ಕಿಂತ ಮೊದಲು ಬಾಗಿಲಿಗೊಂದು ಚಿಲಕ ಬೇಕು.

ಇನ್ನು ನೀರು. ವಾಸನೆ ಬಾರದಿರಲೆಂದು ದಿನವಿಡೀ ನಲ್ಲಿಯನ್ನು ಸಣ್ಣಗೆ ಬಿಟ್ಟಿಡುವ ಪದ್ಧತಿ ಉಂಟು. ನಿಮಿಷಕ್ಕೆ 2 ಲೀಟರಿನಂತೆ ಆರು ಗಂಟೆಗೆ 720 ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೂ 48 ಕೊಡ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನಲ್ಲೂ ಹೀಗೆಯೇ! ಅಷ್ಟಾದರೂ ವಾಸನೆ ಹೋಗುವುದಿಲ್ಲ. ಏಕೆಂದರೆ ಅದು ಹುಟ್ಟುವುದು ನಲ್ಲಿಯ ನೀರು ಮುಟ್ಟದ ಕಡೆ, ನೆಲದ ಸಂದುಗಳಲ್ಲಿ. ಸಿಡಿದು ಉಳಿದ ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ಬಯಲುಸೀಮೆಯ ಗಡಸು ನೀರಾದರೆ ಕೊಳವೆಯಲ್ಲಿ ಬಿಳಿ ಹಕ್ಕಳೆ ಬೇರೆ ಕಟ್ಟುತ್ತದೆ. ನೀರು ಹಾಯಿಸದ ಮೂತ್ರಾಲಯಗಳೂ ಈಗ ಇವೆ. ಕೆಲವದರಲ್ಲಿ ಮೂತ್ರಕ್ಕಿಂತ ಹಗುರಾದ ಎಣ್ಣೆಯಂಥ ದ್ರವ ಮೇಲೆ ತೇಲುತ್ತಾ ವಾಸನೆಯನ್ನು ಕೆಳಗೇ ತಡೆಯುತ್ತದೆ.

ಅಷ್ಟು ಖರ್ಚು ಆಗದ ಶಾಲೆಗೆ ಸದ್ಯಕ್ಕೆ ಬೇಕಾದದ್ದು ಕಡಿಮೆ. ನಲ್ಲಿ ನಿಲ್ಲಿಸಿ, ಪ್ರತಿ ಬಿಡುವಿನ ನಂತರ ಎರಡು ಬಕೆಟ್ ನೀರು ಹಾಕಿ ಗಟ್ಟಿ ಪೊರಕೆಯಿಂದ ನೆಲ ಉಜ್ಜಿಸುವುದು. ಚರಂಡಿಯ ಅಂಚಿಗೆ ಒಂದು ಸಾಲು ಇಟ್ಟಿಗೆ ಮೆಟ್ಟಿಲು ಕಟ್ಟಿಸುವುದು, ಚಿಕ್ಕ ಹುಡುಗನೂ ಒಣಗಾಲಿನಲ್ಲಿ ಗೋಡೆಯ ಹತ್ತಿರ ನಿಲ್ಲುವಂತೆ.