ಸುಳ್ಳು ಹೇಳುವ ಪೆಟ್ಟಿಗೆ ನಮ್ಮ ಘಾಟಿಗೆ ಬೇಡ

ಬತ್ತೇರಿ, ಕಲ್ಪೆಟ್ಟ ಕಡೆ ನಮ್ಮ ಹುಡುಗರು ಸೇರಿದಲ್ಲೆಲ್ಲ ಈಗ ಒಂದೇ ಪ್ರಶ್ನೆ: "ಗಾಡಿಗೆ ಚಿಪ್ ಹಾಕಿಸಿದೆಯಾ?" ಹಳೆಯ ಡೀಸೆಲ್ ಸ್ವಿಫ್ಟ್ ಕೊಂಡವನಿಗೆ ಅಲಾಯ್ ವೀಲ್ ಸಾಲದು, ಸೈಲೆನ್ಸರ್ ಸಾಲದು, ಇಂಜಿನ್ನಿನ ಕಂಪ್ಯೂಟರನ್ನೂ ಮುಟ್ಟಬೇಕು. ಗಾಡಿಯ ಹುಚ್ಚು ತಪ್ಪು ಎಂದು ನಾವು ಹೇಳುವುದಿಲ್ಲ, ನಮ್ಮಲ್ಲೇ ಅರ್ಧ ಜನಕ್ಕೆ ಅದಿದೆ. ಆದರೆ ಅಗ್ಗದ ಟ್ಯೂನಿಂಗ್ ಬಾಕ್ಸ್ ಶುದ್ಧ ಮೋಸ.

ಮೊದಲು ವಿಷಯ ತಿಳಿಯೋಣ. ಹಿಂದೆ ಕಾರಿನ ಕಂಪ್ಯೂಟರಿನಿಂದ ಮೆಮೊರಿ ಚಿಪ್ಪನ್ನೇ ಕಿತ್ತು ಬೇರೆಯದು ಕೂರಿಸುತ್ತಿದ್ದರು. ಚಿಪ್ ಎಂಬ ಹೆಸರು ಅಲ್ಲಿಂದ ಉಳಿದದ್ದು. ಈಗ ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಒಳಗಿನ ಫೈಲನ್ನು ಓದಿ, ತಿದ್ದಿ, ಮತ್ತೆ ಬರೆಯುತ್ತಾರೆ. ಅದು ರಿಮ್ಯಾಪ್. ಅಗ್ಗದ ಬಾಕ್ಸ್ ಹಾಗಲ್ಲ. ಡೀಸೆಲ್ ಒತ್ತಡ ಅಳೆಯುವ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಕುಳಿತು, ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಪಾಪ ಅದನ್ನು ನಂಬಿ ಪಂಪಿಗೆ "ಇನ್ನೂ ಒತ್ತು" ಎನ್ನುತ್ತದೆ. ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿ ಎಳೆಯುತ್ತದೆ, ಅದು ನಿಜ. ಅಷ್ಟು ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲದಿದ್ದರೆ ಕಪ್ಪು ಹೊಗೆ. ಜೊತೆಗೆ ಹೆಚ್ಚಿದ ಬಿಸಿ ಟರ್ಬೊವನ್ನೂ ಪಿಸ್ಟನ್ನನ್ನೂ ತಿನ್ನುತ್ತದೆ.

"ಸ್ವಿಫ್ಟ್‌ನಲ್ಲಿ 75 ಹಾರ್ಸ್‌ಪವರ್ ಕೊಡುವ ಅದೇ 1.3 ಲೀಟರ್ ಫಿಯೆಟ್ ಇಂಜಿನ್ ಎಸ್ಎಕ್ಸ್4ನಲ್ಲಿ 90 ಕೊಡುತ್ತದೆ, ಉಳಿದದ್ದನ್ನು ಕಂಪನಿ ಬೀಗ ಹಾಕಿಟ್ಟಿದೆ" ಎಂದು ವಾದಿಸುವವರಿದ್ದಾರೆ. ಎಸ್ಎಕ್ಸ್4ನಲ್ಲಿ ಟರ್ಬೊವೇ ಬೇರೆ, ವೇರಿಯಬಲ್ ಜಾಮಿಟ್ರಿಯದು. ಆ 15ಕ್ಕಾಗಿ ಕಂಪನಿ ಕಬ್ಬಿಣವನ್ನೇ ಬದಲಿಸಿದೆ. ಬಾಕ್ಸ್ ಮಾರುವವನು ಅದನ್ನು ಎರಡು ವೈರಿನಲ್ಲಿ ಕೊಡುತ್ತೇನೆ ಎನ್ನುತ್ತಾನೆ!

ಮಾಡಿಸಲೇಬೇಕು ಎಂದಿದ್ದರೆ ಟ್ಯೂನರನ್ನು ಹೆಣ್ಣು ನೋಡಲು ಬಂದವರಂತೆ ವಿಚಾರಿಸಿ. ಮೂಲ ಫೈಲಿನ ಪ್ರತಿ ನನ್ನ ಕೈಗೆ ಕೊಡುತ್ತೀರಾ? ಈ ಮ್ಯಾಪ್ ನನ್ನ ಕಂಪ್ಯೂಟರಿನ ಸಾಫ್ಟ್‌ವೇರ್ ನಂಬರಿಗೇ ಮಾಡಿದ್ದೋ, ಎಲ್ಲಿಂದಲೋ ಇಳಿಸಿಕೊಂಡದ್ದೋ? ಓಡಿಸಿ ಲಾಗ್ ತೋರಿಸುತ್ತೀರಾ? "ಬ್ರೋ, ನಂಬಿ" ಎಂಬುದೇ ಉತ್ತರವಾದರೆ ಮನೆಗೆ ಬನ್ನಿ. ಇಜಿಆರ್, ಡಿಪಿಎಫ್ ಕಿತ್ತುಹಾಕುತ್ತೇನೆ ಎಂದು ತಾನಾಗಿ ಹೇಳುವವನ ಹತ್ತಿರ ನಿಲ್ಲಲೂ ಬೇಡಿ. ಅದಕ್ಕೂ ಮೊದಲು ಬ್ರೇಕ್ ಪ್ಯಾಡ್, ಟೈರು, ಕ್ಲಚ್ ಹೊಸದಾಗಲಿ. ಸವೆದ ಕ್ಲಚ್ಚಿಗೆ ಹೆಚ್ಚಿನ ಟಾರ್ಕ್ ಕೊಟ್ಟರೆ ಅದು ಜಾರುತ್ತದೆ, ಗಾಡಿ ಕೂಗುತ್ತದೆ, ಓಡುವುದಿಲ್ಲ.

ಅಷ್ಟಕ್ಕೂ ಈ ಶಕ್ತಿ ಎಲ್ಲಿಗೆ? ತಾಮರಶ್ಶೇರಿ ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಲಕ್ಕಿಡಿಯಿಂದ ಇಳಿಯುವಾಗ ಯಾರಿಗೂ ಪವರ್ ಕೊರತೆಯಾಗಿಲ್ಲ, ಬ್ರೇಕಿನದೇ ಚಿಂತೆ. ನಮ್ಮ ಗಂಭೀರ ರೋಗಿಗಳು ಕೋಝಿಕ್ಕೋಡಿಗೆ ಹೋಗುವುದೂ ಇದೇ ದಾರಿಯಲ್ಲಿ. ಅಲ್ಲಿ ಕಪ್ಪು ಹೊಗೆ ಬಿಡುತ್ತಾ ತಿರುವಿನಲ್ಲಿ ನುಗ್ಗಿ ದಾರಿ ಕಟ್ಟುವವನಿಗೆ ಆಂಬುಲೆನ್ಸಿನೊಳಗೆ ಯಾರ ಅಪ್ಪ ಮಲಗಿದ್ದಾರೆಂದು ಗೊತ್ತೇ?

"ಆರ್‌ಟಿಒ ಕಣ್ಣಿಗೆ ಸೈಲೆನ್ಸರ್ ಕಾಣುತ್ತದೆ, ಮ್ಯಾಪ್ ಕಾಣುವುದಿಲ್ಲ" ಎಂಬ ಜಾಣತನ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದು ಕೇರಳದ್ದೇ ಪ್ರಕರಣದಲ್ಲಿ. ಅಪಘಾತವಾದರೆ ವಿಮೆ ಕಂಪನಿಯೂ ಕೇಳುತ್ತದೆ: ನಾವು ವಿಮೆ ಕೊಟ್ಟದ್ದು ಈ ಗಾಡಿಗೋ? ಆಗ ಅಡವಿಡಲು ಹೊರಡುವುದು ಅಮ್ಮನ ಬಳೆ.

ಇನ್ನು ಮಾರುವ ದಿನ. ಬಾಕ್ಸ್ ಬಿಚ್ಚಿ ಜೇಬಿಗಿಳಿಸಿ, "ಏನೂ ಮುಟ್ಟಿಲ್ಲ, ಕಂಪನಿ ಗಾಡಿ ಇದ್ದ ಹಾಗೇ ಇದೆ" ಎನ್ನುತ್ತಾರೆ. ಆರು ತಿಂಗಳಲ್ಲಿ ಟರ್ಬೊ ಕೈಕೊಟ್ಟಾಗ ಸಾಲ ಮಾಡುವವನು ಕೊಂಡವನು. ಅವನೂ ನಮ್ಮೂರಿನವನೇ, ಭಾನುವಾರ ಪೂಜೆಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲೇ ಕೂರುತ್ತಾನೆ.