ಫಾರ್ಮ್ಯಾಟ್ ಹೊಡ್ಸೋಕಿಂತ ಮೊದ್ಲು

ಕಂಪ್ಯೂಟರ್ ನಿಧಾನ ಆಗ್ಯದ, ತೆರದ್ರ ಸಾಕು ಜಾಹೀರಾತು ಕುಣೀತಾವ ಅಂದ್ರ ಸಿಂಧನೂರಾಗ ಕೇಳ್ರಿ, ಮಸ್ಕ್ಯಾಗ ಕೇಳ್ರಿ, ಲಿಂಗಸುಗೂರಾಗ ಕೇಳ್ರಿ, ಉತ್ತರ ಒಂದ: "ಅಂಗಡಿಗೆ ಕೊಡ್ರಿ, ಫಾರ್ಮ್ಯಾಟ್ ಹೊಡೀತಾರ." ನಾನು ಇದನ್ನ ಒಪ್ಪಲ್ಲ. ಫಾರ್ಮ್ಯಾಟ್ ಅನ್ನೋದು ಕೊನೀ ಮದ್ದು. ಹೊಲದಾಗ ಕಸ ಬೆಳದದ ಅಂತ ಯಾರರ ಪೈರಿಗೆ ಬೆಂಕಿ ಹಚ್ತಾರೇನು?

ಲಿಂಗಸುಗೂರಿನ ನಮ್ಮ ಬೀಗರ ಮನ್ಯಾಗ ಹಿಂಗ ಆತು. ಜಾಹೀರಾತು ಹೋದ್ವು ಖರೆ. ಅವುಗಳ ಜೊತಿಗೆ ಮೊಮ್ಮಗನ ತೊಟ್ಟಿಲ ಕಾರ್ಯದ ಫೋಟೊ ಹೋದ್ವು, ತೀರಿಕೊಂಡ ಹಿರೇರ ಕಡೀ ಫೋಟೊನೂ ಹೋದ್ವು. ಅಂಗಡಿಯಂವ "ಸಿ ಡ್ರೈವ್ ಅಷ್ಟ ಅಳಸ್ತೀನಿ" ಅಂದಿದ್ದನಂತ. ಆದ್ರ ಡೆಸ್ಕ್‌ಟಾಪ್ ಮ್ಯಾಲ ಕಾಣೋ ಫೋಟೊ, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲಾ ಸಾಮಾನ್ಯವಾಗಿ ಇರೋದು ಆ ಸಿ ಡ್ರೈವ್‌ನ್ಯಾಗ. ಇದನ್ನ ಮನಿಯವ್ರಿಗೆ ಯಾರೂ ಬಿಡಿಸಿ ಹೇಳಲಿಲ್ಲ. 1915ರಾಗ ಸಿಕ್ಕ ಮಸ್ಕಿ ಶಾಸನದಾಗ ಅಶೋಕನ ಹೆಸರು ಎರಡು ಸಾವಿರ ವರ್ಷ ದಾಟಿ ಉಳದದ. ನಮ್ಮ ಹಿರೇರ ಮುಖ ಅರ್ಧ ತಾಸಿನ್ಯಾಗ ಅಳಿಸಿ ಹೋತು.

ಈ ಜಾಹೀರಾತಿನ ಪಿಡುಗು ಹೆಚ್ಚಾಗಿ ಮುಂಬಾಗಿಲಿನಿಂದನ ಬರ್ತದ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ ತಂತ್ರಾಂಶ ಪುಕ್ಕಟೆ ಸಿಗ್ತದ. ಆದ್ರ ಹುಡುಕಿದಾಗ ಬ್ಯಾರೆ ಯಾವುದೋ ಜಾಲತಾಣ ಮೊದ್ಲು ಬಂದು, ಅದ್ರಾಗ ದೊಡ್ಡ ಹಸರು ಡೌನ್‌ಲೋಡ್ ಗುಂಡಿ ಕಂಡ್ರ ಅದು ಜಾಹೀರಾತು ಇರಬಹುದು. ಒತ್ತಿ, ನೆಕ್ಸ್ಟ್ ನೆಕ್ಸ್ಟ್ ಅಂತ ಹೋದ್ರ ಒಂದರ ಜೊತಿ ನಾಕು ಇಳೀತಾವ. ಇನ್ನೊಂದು ದಾರಿ, "ನೀವು ರೋಬೋಟ್ ಅಲ್ಲ ಅಂತ ತೋರಿಸ್ಲಿಕ್ಕೆ ಅಲೋ ಒತ್ರಿ" ಅನ್ನೋದು. ಒತ್ತಿದ್ರ ಮೂಲ್ಯಾಗಿಂದ ಜಾಹೀರಾತು ಬರ್ಲಿಕ್ಕೆ ನಾವ ಪರವಾನಗಿ ಕೊಟ್ಟಂಗ. ಹಂಗಂತ ಎಲ್ಲಾ ತಪ್ಪು ಮನ್ಯಾಗಿನ ಹುಡುಗರ ಮ್ಯಾಲ ಹಾಕಬ್ಯಾಡ್ರಿ. 2014ರಾಗ ಲೆನೊವೊ ಕಂಪನಿ ಕೆಲವು ಹೊಸ ಲ್ಯಾಪ್‌ಟಾಪ್‌ನ್ಯಾಗ ಸೂಪರ್‌ಫಿಶ್ ಅನ್ನೋ ಜಾಹೀರಾತು ತಂತ್ರಾಂಶ ತಾನ ಹಾಕಿ ಮಾರಿತ್ತು. 2015ರ ಫೆಬ್ರುವರಿಯಾಗ ಅದು ಬೈಲಿಗೆ ಬಂದ ಮ್ಯಾಲ, ತಗಿಯೋ ಸಾಧನಾನೂ ಕಂಪನಿನ ಕೊಡಬೇಕಾತು.

ಇದನ್ನ ಕರಕಿ ತಗದಂಗ ತಗೀಬೇಕು. ಮ್ಯಾಲ ಕೊಯ್ದ್ರ ಮತ್ತ ಚಿಗೀತದ, ಬೇರು ಹಿಡದು ಹೋಗಬೇಕು. ಮೊದ್ಲು ಫೋಟೊ, ಪಹಣಿ, ಮಾರ್ಕ್ಸ್ ಕಾರ್ಡ್ ಎಲ್ಲಾ ಒಂದು ಪೆನ್‌ಡ್ರೈವ್‌ಗೆ ಹಾಕಿ, ಅದನ್ನ ಬಿಚ್ಚಿ ಇಡ್ರಿ. ಆಮ್ಯಾಲ ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ, ಅದ್ರಾಗ ಸೈಟ್ ಸೆಟ್ಟಿಂಗ್ಸ್, ಅದ್ರಾಗ ನೋಟಿಫಿಕೇಶನ್ಸ್ ತಗೀರಿ. ಗುರುತಿಲ್ಲದ ಜಾಲತಾಣದ ಹೆಸರು ಎಷ್ಟವ ಅಷ್ಟೂ ತಗದು ಒಗೀರಿ. ಮೂಲ್ಯಾಗ ಜಿಗಿಯೋ ಜಾಹೀರಾತು ಭಾಳ ಸಲ ಇಷ್ಟಕ್ಕ ನಿಲ್ತಾವ.

ನಿಲ್ಲದಿದ್ರ ಎಕ್ಸ್‌ಟೆನ್ಷನ್ಸ್ ನೋಡ್ರಿ. ಕೂಪನ್ ಕೊಡ್ತೀನಿ, ಪಿಡಿಎಫ್ ಮಾಡ್ತೀನಿ ಅಂತ ಬಂದು ಕುಂತಾವು ಯಾರು ತಂದ್ರು ಅಂತ ಗೊತ್ತಿಲ್ಲಂದ್ರ ತಗೀರಿ. ಆಮ್ಯಾಲ ವಿಂಡೋಸ್‌ನ ಸೆಟ್ಟಿಂಗ್ಸ್‌ನ್ಯಾಗ ಆ್ಯಪ್ಸ್ ತೆರದು, ಹಾಕಿದ ತಾರೀಖಿನ ಪ್ರಕಾರ ಜೋಡಿಸ್ರಿ. ಕಾಟ ಶುರುವಾದ ದಿನದ ಹತ್ರ ಬಂದ ಅತಿಥಿ ಯಾರು ಅಂತ ಅಲ್ಲೇ ಗೊತ್ತಾಗ್ತದ. ಹೆಸರು ತಿಳೀಲಿಲ್ಲಂದ್ರ ಒಮ್ಮಿಗೇ ತಗೀಬ್ಯಾಡ್ರಿ, ಪ್ರಿಂಟರ್‌ನದೂ ಇರಬಹುದು. ಕೇಳಿ ತಗೀರಿ.

ಕೊನಿಗೆ ವಿಂಡೋಸ್ ಸೆಕ್ಯುರಿಟಿಯೊಳಗಿನ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸ್ರಿ. ಕಂಪ್ಯೂಟರ್ ತಾನ ಬಂದ್ ಆಗಿ ಮತ್ತ ಶುರು ಆಗ್ತದ, ಅಂಜಬ್ಯಾಡ್ರಿ. ಸುಮಾರು 15 ನಿಮಿಷದ ಕೆಲಸ. ಇಷ್ಟಕ್ಕೂ ಬಗ್ಗಲಿಲ್ಲಂದ್ರ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯುಕ್ಲೀನರ್ ಪುಕ್ಕಟೆ ಅದ. ಅದನ್ನ ಆ ಕಂಪನಿಯ ಸ್ವಂತ ಜಾಲತಾಣದಿಂದನ ಇಳಿಸ್ಕೋರಿ. ಕೇಂದ್ರ ಸರ್ಕಾರ 2017ರಾಗ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಾಗೂ ಪುಕ್ಕಟೆ ಸಾಧನ ಸಿಗ್ತಾವ.

ತಗದದ್ದು ಮರುದಿನ ಮತ್ತ ಬಂತಂದ್ರ ಬೇರು ಬ್ಯಾರೆ ಕಡೆ ಅದ ಅಂತ ತಿಳ್ಕೋರಿ. ಮಗ ಬೆಂಗಳೂರಾಗ ಅದ ಗೂಗಲ್ ಖಾತೆ ಬಳಸ್ತಿದ್ರ, ಅವನ ಲ್ಯಾಪ್‌ಟಾಪ್‌ನ ಎಕ್ಸ್‌ಟೆನ್ಷನ್ ಸಿಂಕ್ ಆಗಿ ನಮ್ಮ ಮನಿಗೆ ಬರ್ತದ. ಎರಡೂ ಕಡೆ ತಗೀಬೇಕು. ಒಂದು ಹೊಲದ ಬದುವಿನ ಕರಕಿ ಇನ್ನೊಂದು ಹೊಲಕ್ಕ ಹಬ್ಬೋದು ನಮಗ ಹೊಸ ಮಾತಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಪರದಿ ತುಂಬ ಕೆಂಪಗ ಆಗಿ, "ವೈರಸ್ ಬಂದದ, ಮೈಕ್ರೋಸಾಫ್ಟ್‌ನ ಈ ನಂಬರಿಗೆ ಫೋನ್ ಮಾಡ್ರಿ" ಅಂದ್ರ ಮಾಡಬ್ಯಾಡ್ರಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಾಗ ಫೋನ್ ನಂಬರ್ ಹಾಕಂಗಿಲ್ಲ. ಅಲ್ಲಿಂದ ಮಾತಾಡಿದಂವ ಎನಿಡೆಸ್ಕ್ ಹಾಕಿಸಿ, ಕಂಪ್ಯೂಟರ್ ತನ್ನ ಕೈಗೆ ತಗೊಂಡು ಬ್ಯಾಂಕಿನ ತನಕ ಹೋಗ್ತಾನ. ಯಾರದರ ರೊಕ್ಕ ಹೋದ್ರ ನಾಚ್ಕೊಂಡು ಕುಂದರಬ್ಯಾಡ್ರಿ, ದೌಡು 1930ಕ್ಕ ಫೋನ್ ಮಾಡ್ರಿ. ಎಷ್ಟು ಲಗೂ ಹೇಳ್ತೀರಿ, ರೊಕ್ಕ ತಡದು ನಿಲ್ಸೋ ಆಸೆ ಅಷ್ಟು ಹೆಚ್ಚು.

ಎಲ್ಲಾ ನಿಧಾನಕ್ಕೂ ಜಾಹೀರಾತ ಕಾರಣ ಅಲ್ಲ ಅನ್ನೋದೂ ಖರೆ. ಹಳೇ ಹಾರ್ಡ್ ಡಿಸ್ಕ್ ಇದ್ರ ಎಷ್ಟು ಕಸ ತಗದ್ರೂ ತೆವಳ್ತದ, ಅದ್ರ ಬದ್ಲಿ ಎಸ್‌ಎಸ್‌ಡಿ ಹಾಕ್ಸೋದು ಒಳ್ಳೇದು. ಕೆಲವು ಸಲ ಫಾರ್ಮ್ಯಾಟ್‌ನೂ ಬೇಕಾಗ್ತದ. ಆದ್ರ ಅವತ್ತು ನಮ್ಮ ಪೆನ್‌ಡ್ರೈವ್ ತುಂಬಿರಬೇಕು, ಒಂದೆರಡು ಫೋಟೊ ತೆರದು ನೋಡಿರಬೇಕು, ಆಮ್ಯಾಲ ಕಂಪ್ಯೂಟರ್ ಹೊಸ್ತಲ ದಾಟಬೇಕು.

"ನಿಮಗದೆಲ್ಲಾ ತಿಳಿಯಂಗಿಲ್ಲ" ಅನ್ನೋವ್ರು ಮನಿಮನಿಗೂ ಇದ್ದಾರ. ಅಕ್ಕಿಯೊಳಗಿನ ಹಳ್ಳು ಆರಿಸೋ ಕಣ್ಣು, ಡಬ್ಬಿ ನೋಡಿದ್ರ ಹುಳ ಎಲ್ಲಿಂದ ಬಂತು ಅಂತ ಹೇಳೋ ತಲಿ ನಮ್ಮದು. ಬೇಕಾದದ್ದು ಯಾವುದು, ಬ್ಯಾಡಾದದ್ದು ಯಾವುದು ಅಂತ ಆರಿಸೋದ ಇಲ್ಲಿನ ಮುಕ್ಕಾಲು ಕೆಲಸ. ಇವತ್ತು ಮಧ್ಯಾಹ್ನ ಅರ್ಧ ತಾಸು ಪುರಸೊತ್ತು ಸಿಕ್ರ ಮೊದ್ಲು ಆ ನೋಟಿಫಿಕೇಶನ್ ಪಟ್ಟಿ ಒಂದು ತೆರದು ನೋಡ್ರಿ.