‘ನಾಳೆ ಬಾ’ ಅಳಿಸಿದ ಮೇಲೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹವಿತ್ತು. ರಾತ್ರಿ ಕದ ತಟ್ಟುವ ದೆವ್ವ ಅದನ್ನು ಓದಿ ಮರಳುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಆ ಕಾಲದ ತಾಲ್ಲೂಕು ಕಚೇರಿಗಳ ಬಾಗಿಲ ಮೇಲೆ ಹಾಗೆ ಬರೆದಿರಲಿಲ್ಲ. ಅಲ್ಲಿ ಬಾಯಲ್ಲೇ ಹೇಳುತ್ತಿದ್ದರು, ಅದೂ ಮನುಷ್ಯರಿಗೆ.

ಅಲ್ಲಿಂದ ಇಲ್ಲಿಯವರೆಗೆ ಕರ್ನಾಟಕದ ಸರ್ಕಾರಿ ಕೌಂಟರು ಎಷ್ಟು ಬದಲಾಯಿತು ಎಂದು ಹಿಂತಿರುಗಿ ನೋಡುವುದಾದರೆ, ಮೊದಲು ನೆನೆಯಬೇಕಾದದ್ದು ಕಂಪ್ಯೂಟರನ್ನಲ್ಲ, ಒಂದು ಪ್ರಶ್ನೆಯನ್ನು. ಆಡಳಿತ ತಜ್ಞ ಸ್ಯಾಮ್ಯುಯೆಲ್ ಪಾಲ್ ಮತ್ತು ಸಂಗಡಿಗರು 1993ರಲ್ಲಿ ಬೆಂಗಳೂರಿನ ನಿವಾಸಿಗಳನ್ನೇ ಕೇಳಿದರು: ನೀರು, ವಿದ್ಯುತ್, ನಿವೇಶನ, ದೂರವಾಣಿಯ ಕಚೇರಿಗಳಿಗೆ ನೀವು ಎಷ್ಟು ಅಂಕ ಕೊಡುತ್ತೀರಿ? ಉತ್ತರಗಳು ಅಂಕಪಟ್ಟಿಯಾಗಿ ಹೊರಬಂದಾಗ ಬಹುತೇಕ ಸಂಸ್ಥೆಗಳು ನಪಾಸು. ಅಂಗಡಿಯವನು ಸರಿಯಿಲ್ಲದಿದ್ದರೆ ಗ್ರಾಹಕ ಪಕ್ಕದ ಅಂಗಡಿಗೆ ಹೋಗುತ್ತಾನೆ. ತಾಲ್ಲೂಕು ಕಚೇರಿಗೆ ಪಕ್ಕದ ಅಂಗಡಿ ಇಲ್ಲ. ಅಂಕ ಕೊಡುವ ಹಕ್ಕು ಅಲ್ಲಿಗೇ ಹೆಚ್ಚು ಬೇಕಿತ್ತು.

ಆಮೇಲೆ ಬಂದದ್ದು ಜಮೀನು ದಾಖಲೆಗಳ ‘ಭೂಮಿ’ ಯೋಜನೆ. ಅದಕ್ಕೂ ಮೊದಲು ಪಹಣಿ ಇರುತ್ತಿದ್ದುದು ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ. ಅವರು ಸಿಕ್ಕಾಗ, ಅವರ ಮನಸ್ಸು ಬಂದಾಗ ನಕಲು. ಹೊಸ ಶತಮಾನ ಆರಂಭವಾಗುತ್ತಿದ್ದ ಹಾಗೆಯೇ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. 177 ತಾಲ್ಲೂಕುಗಳಲ್ಲಿ ಕೌಂಟರ್ ತೆರೆಯಿತು, 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಪ್ರಭಾವಿಯ ಕಡತ ಹಾರಿ ಮುಂದೆ ಹೋಗುವಂತಿಲ್ಲ ಎಂದಾಯಿತು. ಇವೆಲ್ಲಕ್ಕಿಂತ ನಮಗೆ ದೊಡ್ಡದಾಗಿ ಕಾಣುವುದು ಒಂದು ಸಣ್ಣ ಏರ್ಪಾಡು: ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ. ಒಳಗೆ ಕುಳಿತವರು ಏನು ನೋಡುತ್ತಿದ್ದಾರೋ ಹೊರಗೆ ನಿಂತವನೂ ಅದನ್ನೇ ನೋಡಬಹುದಿತ್ತು.

2005ರಲ್ಲಿ ಬಂದ ‘ಬೆಂಗಳೂರು ಒನ್’ ಕರೆಂಟಿಗೊಂದು, ನೀರಿಗೊಂದು, ಫೋನಿಗೊಂದು ಎಂದು ನಿಲ್ಲುತ್ತಿದ್ದ ಸಾಲುಗಳನ್ನು ಒಂದೇ ಸೂರಿನಡಿ ತಂದಿತು. 2012ರ ಏಪ್ರಿಲ್ 2ರಂದು ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲ್ಲೂಕುಗಳಲ್ಲಿ ಒಂದು ತಿಂಗಳ ಪ್ರಯೋಗ ಆಗಲೇ ಮುಗಿದಿತ್ತು. 11 ಇಲಾಖೆಗಳ 151 ಸೇವೆಗಳಿಂದ ಹೊರಟ ಯೋಜನೆ ಇಂದು ಸಾವಿರ ಸೇವೆಗಳನ್ನು ದಾಟಿದೆ. ಅರ್ಜಿ ಕೊಟ್ಟವನ ಕೈಗೆ 15 ಅಂಕಿಗಳ ಸಂಖ್ಯೆ ಬಂತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ಅದೂ ತಪ್ಪಿತಸ್ಥ ನೌಕರನ ಜೇಬಿನಿಂದ. ಕಾನೂನು ‘ನಾಳೆ’ಗೆ ತಾರೀಖು ಬರೆಯಿತು. ಇದು ಸಣ್ಣ ಸಾಧನೆಯಲ್ಲ.

ಇನ್ನು ಬಾಕಿಯ ಲೆಕ್ಕ. ಕಚೇರಿಗಳ ಭಾಷೆಯಲ್ಲಿ ‘ವಿಲೇವಾರಿ’ ಎಂಬ ಮಾತೊಂದಿದೆ. ಪ್ರಮಾಣಪತ್ರ ಕೊಟ್ಟರೂ ವಿಲೇವಾರಿ, ಅರ್ಜಿ ತಿರಸ್ಕರಿಸಿದರೂ ವಿಲೇವಾರಿ. 21 ದಿನದ ಗಡುವಿನ ಕೆಲಸವನ್ನು ಇಪ್ಪತ್ತನೆಯ ದಿನ ‘ದಾಖಲೆ ಸರಿಯಿಲ್ಲ’ ಎಂಬ ಒಂದು ಸಾಲಿನಲ್ಲಿ ಮುಗಿಸಿದ ನೌಕರನೂ ಲೆಕ್ಕದಲ್ಲಿ ಸಮಯಪಾಲಕನೇ. ಯಾವ ದಾಖಲೆ, ಏನು ಸರಿಯಿಲ್ಲ, ಯಾರ ಬಳಿ ಸರಿಯಾಗುತ್ತದೆ? ಪಹಣಿಯಲ್ಲಿ ಹನುಮಂತಪ್ಪ, ಆಧಾರ್‌ನಲ್ಲಿ ಹನುಮಪ್ಪ. ಇಬ್ಬರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅಪ್ಪ ತೀರಿಕೊಂಡು ಪೌತಿ ಖಾತೆಗೆ ಅಲೆಯುವ ಮಗ ಇಂಥ ಅಕ್ಷರಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಹಿಂದೆ ‘ನಾಳೆ ಬಾ’ ಎಂದವನಿಗೆ ಮುಖವಿತ್ತು, ಜಗಳವಾಡಬಹುದಿತ್ತು. ‘ಸರ್ವರ್ ಡೌನ್’ ಎಂಬುದಕ್ಕೆ ಮುಖವೂ ಇಲ್ಲ. ಇನ್ನು ಪರಿಹಾರದ 20 ರೂಪಾಯಿ ಕೇಳಿ ಪಡೆದವನು ಮುಂದಿನ ಕೆಲಸಕ್ಕೆ ಅದೇ ಮೇಜಿನ ಮುಂದೆ ನಿಲ್ಲಬೇಕು. ಹಾಗಾಗಿ ಹಳ್ಳಿಯವನು ಅದನ್ನು ಕೇಳುವ ಗೋಜಿಗೇ ಹೋಗುವುದಿಲ್ಲ.

ಒಟ್ಟಿನಲ್ಲಿ ಕಾಲು ಶತಮಾನದಲ್ಲಿ ನಮ್ಮ ಕಚೇರಿಗಳು ‘ಆಗುತ್ತದೆ’ ಎನ್ನುವುದನ್ನು ಬೇಗ ಹೇಳಲು ಕಲಿತಿವೆ. ‘ಆಗುವುದಿಲ್ಲ’ ಎನ್ನುವುದನ್ನು ಸರಿಯಾಗಿ ಹೇಳಲು ಇನ್ನೂ ಕಲಿತಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕೆಂದು ಸಕಾಲ ಕಾಯ್ದೆಯೇ ಹೇಳುತ್ತದೆ. ಆ ಕಾರಣ ರೈತನಿಗೆ ಅರ್ಥವಾಗುವ ಕನ್ನಡದಲ್ಲಿರಲಿ, ಮುಂದೇನು ತರಬೇಕು, ಯಾರನ್ನು ನೋಡಬೇಕು ಎಂಬುದು ಅದರಲ್ಲಿರಲಿ. ಕೊಟ್ಟದ್ದೆಷ್ಟು, ತಳ್ಳಿದ್ದೆಷ್ಟು ಎಂಬ ಎರಡು ಲೆಕ್ಕಗಳನ್ನು ಪ್ರತಿ ಕಚೇರಿಯೂ ಬೇರೆಬೇರೆಯಾಗಿ ಪ್ರಕಟಿಸಲಿ. 1993ರ ಪ್ರಶ್ನೆಯನ್ನು ಮತ್ತೆ ಕೇಳಲಿ. ಈ ಸಲ ಕೆಲಸವಾದವರನ್ನಲ್ಲ, ಬರಿಗೈಲಿ ಮರಳಿದವರನ್ನು ಕೇಳಲಿ.

ಇದಕ್ಕೆಲ್ಲ ಹೊಸ ಯೋಜನೆ, ಹೊಸ ಹೆಸರು ಬೇಕಿಲ್ಲ. ಎರಡನೆಯ ಪರದೆಯ ಬುದ್ಧಿ ನಮ್ಮಲ್ಲೇ ಇದೆ. ಪಹಣಿ ಕೊಡುವಾಗ ರೈತನ ಕಡೆ ತಿರುಗಿದ್ದ ಆ ಪರದೆ, ಪಹಣಿ ಕೊಡಲಾಗದು ಎನ್ನುವಾಗಲೂ ಅವನ ಕಡೆಗೇ ತಿರುಗಿರಲಿ.